ರಾತ್ರಿ ಪಾಳಿ ಎಲ್ಲಿಗೆ ಹೋಯಿತು?

ಮಿಲ್ಲಿನಲ್ಲಿ ದುಡಿಯುವವರಿಗೂ ಪೇಟೆಯಲ್ಲಿ ಅಂಗಡಿ ಇಟ್ಟು ಜೀವನ ನಡೆಸುವವರಿಗೂ ಕಂಪ್ಯೂಟರಿನವರ ಗೊಡವೆ ಏತಕ್ಕೆಂದು ವಾಚಕರಲ್ಲಿ ಕೆಲವರು ಕೇಳಬಹುದು. ಕೇಳುವುದು ನ್ಯಾಯವೇ ಸರಿ. ಆದರೆ ಈಗ ಒಂದು ಕಿಲೋ ಬೆಲ್ಲ ಕೊಂಡ ಗಿರಾಕಿ ಜೇಬಿಗೆ ಕೈ ಹಾಕಿ ಚಿಲ್ಲರೆ ಹುಡುಕುವುದಿಲ್ಲ. ಗೋಡೆಗೆ ಅಂಟಿಸಿದ ಚೌಕದ ಮುಂದೆ ಫೋನು ಹಿಡಿಯುತ್ತಾನೆ. ಬಿಲ್ಲು, ದಾಸ್ತಾನಿನ ಲೆಕ್ಕ, ಉದ್ರಿ ಖಾತೆ, ಜಿಎಸ್‌ಟಿಯ ಕಾಗದ ಎಲ್ಲವೂ ಎಲ್ಲೋ ದೂರದ ಯಂತ್ರದಲ್ಲಿ ಕುಳಿತಿವೆ. 2025ರ ಮಾರ್ಚ್ 26ರಂದು ಮತ್ತು ಏಪ್ರಿಲ್ 12ರಂದು ಯುಪಿಐ ಪಾವತಿ ದೇಶದುದ್ದಕ್ಕೂ ಮುಗ್ಗರಿಸಿದಾಗ ಅಂಗಡಿಕಾರನ ಗಲ್ಲಾ ಯಾವುದರ ಮೇಲೆ ನಿಂತಿದೆ ಎಂಬುದು ಎಲ್ಲರಿಗೂ ತಿಳಿಯಿತು.

ಇನ್ನು ಕಾರ್ಮಿಕ ಬಂಧುಗಳ ಮಾತು. ನಮ್ಮಲ್ಲಿ ಎಷ್ಟೋ ಜನರ ಮಕ್ಕಳು ಓದಿ ಬೆಂಗಳೂರು ಸೇರಿ ಇದೇ ಕೆಲಸಕ್ಕೆ ನಿಂತಿದ್ದಾರೆ. ಹಬ್ಬಕ್ಕೆ ಊರಿಗೆ ಬಂದವರು ಎಲೆಯ ಮುಂದೆ ಕುಳಿತಾಗಲೂ ಫೋನಿನ ಕಡೆಗೇ ಕಣ್ಣಿಟ್ಟಿರುತ್ತಾರೆ. ಮನೆಯ ಹಿರಿಯರು ಅದನ್ನು ಪಟ್ಟಣದ ಗತ್ತು ಎಂದು ತಿಳಿಯುತ್ತಾರೆ. ಅದು ಗತ್ತಲ್ಲ. ಅದು ಪಾಳಿ. ಆದರೆ ಆ ಪಾಳಿ ಯಾವ ಹಾಜರಿ ಪುಸ್ತಕದಲ್ಲಿಯೂ ಇಲ್ಲ, ಯಾವ ಸಂಬಳ ಚೀಟಿಯಲ್ಲಿಯೂ ಕಾಣುವುದಿಲ್ಲ. ಅದು ಹೀಗೇಕೆ ಆಯಿತೆಂದು ವಿಚಾರ ಮಾಡೋಣ.

ಹಿಂದೆ ಇದ್ದ ಎರಡು ಖಾತೆ

ವೆಬ್ಬಿನಲ್ಲಿ ನಡೆಯುವ ಒಂದು ಪ್ರೋಗ್ರಾಮಿಗೆ ಎರಡು ಬಗೆಯ ದುಡಿಮೆ ಬೇಕು. ಒಂದು, ಅದನ್ನು ಬರೆಯುವುದು. ಇನ್ನೊಂದು, ಬರೆದದ್ದನ್ನು ಹಗಲೂ ರಾತ್ರಿ ನಡೆಸಿಕೊಂಡು ಹೋಗುವುದು. ಬರೆಯುವವರನ್ನು ಡೆವಲಪರ್ ಎನ್ನುತ್ತಾರೆ. ನಡೆಸುವವರನ್ನು ಆಪರೇಷನ್ಸ್‌ನವರು ಎನ್ನುತ್ತಾರೆ. ಮಿಲ್ಲಿನವರಿಗೆ ಇದು ಹೊಸ ಮಾತಲ್ಲ. ಬಟ್ಟೆಯ ನಮೂನೆ ತೆಗೆಯುವವನು ಬೇರೆ, ಮಗ್ಗ ಕೆಟ್ಟಾಗ ಓಡಿ ಬರುವ ಫಿಟ್ಟರು ಬೇರೆ. ಹಾಗೆಯೇ ಸರ್ವರ್ ಎಂಬ ಯಂತ್ರ ನಿಂತಿತೇ, ಅದರ ಡಿಸ್ಕು ತುಂಬಿತೇ, ನಕಲು ಪ್ರತಿ ಸರಿಯಾಗಿ ಬೀಳುತ್ತಿದೆಯೇ, ಕಳ್ಳರು ಹೊಕ್ಕರೇ ಎಂದು ನೋಡಿಕೊಳ್ಳಲು ಕಂಪನಿಗಳಲ್ಲಿ ಬೇರೆಯೇ ಜನ ಇದ್ದರು. ಅವರಿಗೆ ಪಾಳಿ ಇತ್ತು, ಪಾಳಿಯ ಪಟ್ಟಿ ಇತ್ತು.

ಆ ಏರ್ಪಾಡಿನಲ್ಲಿ ದೋಷವಿರಲಿಲ್ಲವೆಂದಲ್ಲ. ಬರೆಯುವವರು ತಿಂಗಳುಗಟ್ಟಲೆ ಬರೆದು, ಒಂದು ದಿನ ಗಂಟು ಕಟ್ಟಿ ನಡೆಸುವವರ ಮೇಲೆ ಎಸೆಯುತ್ತಿದ್ದರು. ಗಂಟು ಬಿಚ್ಚಿದ ರಾತ್ರಿ ಏನಾದರೂ ಮುರಿಯುತ್ತಿತ್ತು. ನಿಮ್ಮ ತಪ್ಪು ಎಂದು ಇವರು, ನಿಮ್ಮದೇ ತಪ್ಪು ಎಂದು ಅವರು. ನಡುವೆ ನರಳಿದವನು ಗಿರಾಕಿ.

2006ರಲ್ಲಿ ಅಮೆಜಾನ್ ಕಂಪನಿ ತನ್ನ ಯಂತ್ರಗಳನ್ನು ಗಂಟೆಗೆ 10 ಸೆಂಟಿನಂತೆ ಬಾಡಿಗೆಗೆ ಕೊಡತೊಡಗಿತು. ಅದೇ ವರ್ಷ ಅದರ ತಂತ್ರಜ್ಞಾನದ ಮುಖ್ಯಸ್ಥ ವರ್ನರ್ ವೋಗೆಲ್ಸ್, ಕಟ್ಟಿದವರೇ ಅದನ್ನು ನಡೆಸಬೇಕೆಂಬ ತಮ್ಮ ಕಂಪನಿಯ ಪದ್ಧತಿಯನ್ನು ಬಹಿರಂಗವಾಗಿ ಸಾರಿದರು. 2007ರಲ್ಲಿ ಹುಟ್ಟಿದ ಹೆರೋಕು ಎಂಬ ಕಂಪನಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅಲ್ಲಿ ಬರೆದವನು ಒಂದು ಸಾಲಿನ ಆಜ್ಞೆ ಕೊಟ್ಟರೆ ಸಾಕು, ಪ್ರೋಗ್ರಾಮು ತಾನಾಗಿ ಯಂತ್ರಕ್ಕೇರಿ ನಡೆಯತೊಡಗುತ್ತದೆ. 2009ರ ಜೂನಿನಲ್ಲಿ ಫ್ಲಿಕರ್ ಎಂಬ ಚಿತ್ರಸಂಗ್ರಹದ ತಾಣದ ಜಾನ್ ಆಲ್‌ಸ್ಪಾ ಮತ್ತು ಪಾಲ್ ಹ್ಯಾಮಂಡ್ ಎಂಬಿಬ್ಬರು, ತಾವು ದಿನಕ್ಕೆ ಹತ್ತಕ್ಕೂ ಹೆಚ್ಚು ಸಲ ಹೊಸ ಬದಲಾವಣೆ ಏರಿಸುತ್ತೇವೆಂದು ಅಮೆರಿಕದ ಸಮ್ಮೇಳನವೊಂದರಲ್ಲಿ ಹೇಳಿದಾಗ ಸಭೆ ಬೆರಗಾಯಿತು. ಆ ವರ್ಷದ ಅಕ್ಟೋಬರಿನಲ್ಲಿ ಪ್ಯಾಟ್ರಿಕ್ ಡೆಬೊವಾ ಎಂಬವರು ಬೆಲ್ಜಿಯಂನ ಘೆಂಟ್ ಪಟ್ಟಣದಲ್ಲಿ ಎರಡೂ ಖಾತೆಯವರನ್ನು ಒಂದೇ ಚಾವಣಿಯ ಕೆಳಗೆ ಕೂಡಿಸಿದರು. ಡೆವಾಪ್ಸ್ ಎಂಬ ಹೆಸರು ಅಲ್ಲಿಂದ ಹಬ್ಬಿತು.

ಅಂದಿನಿಂದ ಚಿಕ್ಕ ತಂಡಗಳ ಯುಗ ಬಂತು. 2012ರ ಏಪ್ರಿಲಿನಲ್ಲಿ ಫೇಸ್‌ಬುಕ್ 100 ಕೋಟಿ ಡಾಲರಿಗೆ ಇನ್‌ಸ್ಟಾಗ್ರಾಂ ಕಂಪನಿಯನ್ನು ಕೊಳ್ಳುವುದಾಗಿ ಪ್ರಕಟಿಸಿದಾಗ ಅಲ್ಲಿ ದುಡಿಯುತ್ತಿದ್ದವರು 13 ಜನ, ಅದನ್ನು ಬಳಸುತ್ತಿದ್ದವರು ಸುಮಾರು 3 ಕೋಟಿ ಜನ. ಈ ಸುದ್ದಿ ಕೇಳಿದ ಪ್ರತಿಯೊಬ್ಬ ಬಂಡವಾಳಗಾರನೂ ಒಂದೇ ಪಾಠ ಕಲಿತ: ನಡೆಸುವವರ ಖಾತೆಯೇ ಬೇಡ, ಬರೆಯುವ ನಾಲ್ಕು ಜನ ಸಾಕು!

ಚಿಕ್ಕ ಬದಲಾವಣೆಯ ಹಿರಿಮೆ

ಈ ಪದ್ಧತಿಯನ್ನು ನಾವು ಕಣ್ಣು ಮುಚ್ಚಿ ಹಳಿಯುವವರಲ್ಲ. ಅದರಲ್ಲಿ ಒಳ್ಳೆಯದು ಬಹಳ ಉಂಟು.

ದಿನದಿನವೂ ರೋಕಡಿ ತಾಳೆ ನೋಡುವ ವ್ಯಾಪಾರಿಗೆ ಹತ್ತು ರೂಪಾಯಿ ವ್ಯತ್ಯಾಸ ಬಂದರೆ ಅದು ಎಲ್ಲಿಯದೆಂದು ಅರ್ಧ ಗಳಿಗೆಯಲ್ಲಿ ಸಿಕ್ಕುತ್ತದೆ. ದೀಪಾವಳಿಗೊಮ್ಮೆ ಲೆಕ್ಕ ನೋಡುವವನಿಗೆ ಇಡೀ ವರ್ಷದ ವಹಿ ತಿರುವಿದರೂ ಸಿಕ್ಕುವುದಿಲ್ಲ. ಹಾಗೆಯೇ ಇದು. ದಿನಕ್ಕೆ ನಾಲ್ಕು ಸಲ ನಾಲ್ಕು ನಾಲ್ಕು ಸಾಲು ಬದಲಾಯಿಸಿ ಏರಿಸಿದರೆ, ಕೆಟ್ಟದ್ದು ಯಾವ ಸಾಲಿನಿಂದ ಎಂಬುದು ಕೂಡಲೇ ತಿಳಿಯುತ್ತದೆ. ಹಿಂದಿನ ಪ್ರತಿಗೆ ಮರಳುವುದೂ ಸುಲಭ. ಆರು ತಿಂಗಳ ಗಂಟನ್ನು ಒಂದೇ ರಾತ್ರಿ ಬಿಚ್ಚಿದರೆ ಯಾವ ಎಳೆ ಎಲ್ಲಿ ಸಿಕ್ಕಿತೆಂದು ಹೇಳುವವರಾರು? ನಿಕೋಲ್ ಫೋರ್ಸ್‌ಗ್ರೆನ್, ಜೆಝ್ ಹಂಬಲ್, ಜೀನ್ ಕಿಮ್ ಎಂಬ ಮೂವರು ಹಲವು ವರ್ಷ ಸಹಸ್ರಾರು ಜನರನ್ನು ವಿಚಾರಿಸಿ 2018ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿಯೂ ಇದನ್ನೇ ಕಂಡರು. ಪದೇ ಪದೇ ಬದಲಾವಣೆ ಏರಿಸುವವರ ಕೆಲಸವೇ ಕಡಿಮೆ ಕೆಡುತ್ತದೆ, ಕೆಟ್ಟರೆ ಬೇಗ ಸರಿಯಾಗುತ್ತದೆ.

ಇನ್ನೊಂದು ಗುಣವೂ ಇದೆ. ತಾನು ಬರೆದದ್ದರ ಫಲವನ್ನು ತಾನೇ ಉಣ್ಣಬೇಕೆಂದರೆ ಮನುಷ್ಯ ಎಚ್ಚರದಿಂದ ಬರೆಯುತ್ತಾನೆ. ಕೆಲಸ ಮಾಡುವವನಿಗೆ ತನ್ನ ಕೆಲಸದ ಆದಿಯೂ ಅಂತ್ಯವೂ ಕೈಯಲ್ಲಿರಬೇಕೆಂಬುದು ನಮ್ಮ ತತ್ವವೇ ಆಗಿದೆ. ಆದುದರಿಂದ ಕಟ್ಟಿದವನೇ ನಡೆಸಲಿ ಎಂಬ ಮಾತಿನೊಡನೆ ನಮ್ಮ ಜಗಳವಿಲ್ಲ. ನಮ್ಮ ಜಗಳ ಬೇರೆ ಕಡೆ ಇದೆ.

ಲೆಕ್ಕಕ್ಕೆ ಸಿಗದ ಗಂಟೆಗಳು

ಒಂದು ಖಾತೆಯನ್ನು ಮುಚ್ಚಿದರೆ ಆ ಖಾತೆಯ ಕೆಲಸವೂ ಮುಗಿಯಿತೇ? ಡಿಸ್ಕು ತುಂಬುವುದು ನಿಂತಿತೇ? ನಡುರಾತ್ರಿ ಯಂತ್ರ ಕೆಡುವುದು ನಿಂತಿತೇ?

ಆ ಕೆಲಸ ಮೂರು ಪಾಲಾಯಿತು. ಒಂದು ಪಾಲು ಯಂತ್ರ ಬಾಡಿಗೆಗೆ ಕೊಡುವ ದೊಡ್ಡ ಕಂಪನಿಗಳ ಆಳುಗಳಿಗೆ ಹೋಯಿತು. ಅದಕ್ಕೆ ಬಾಡಿಗೆ ಕೊಡುತ್ತಾರೆ. ಇನ್ನೊಂದು ಪಾಲನ್ನು ಯಂತ್ರವೇ ಮಾಡುವಂತೆ ಪ್ರೋಗ್ರಾಮು ಬರೆದರು; ಅದಕ್ಕೆ ಬರೆದವರ ಸಂಬಳ ಸಂದಿತು. ಮೂರನೆಯ ಪಾಲು ಉಳಿಯಿತು. ಎರಡು ಗಂಟೆ ರಾತ್ರಿಯಲ್ಲಿ ಫೋನು ಕೂಗಿದರೆ ಎದ್ದು ಕೂರುವ ಕೆಲಸ, ಕೂಗೀತೆಂದು ಕಾಯುವ ಕೆಲಸ. ಇದಕ್ಕೆ ಆನ್‌ಕಾಲ್ ಎಂದು ಹೆಸರು. ಆಪರೇಷನ್ಸ್ ಖಾತೆ ಇಲ್ಲದ ಚಿಕ್ಕ ತಂಡದಲ್ಲಿ ಇದು ಬರೆಯುವವರ ತಲೆಯ ಮೇಲೆಯೇ ಬೀಳುತ್ತದೆ. ಎಷ್ಟೋ ಕಡೆ ಇದಕ್ಕೆ ಬಿಡಿಗಾಸೂ ಇಲ್ಲ. ರಾತ್ರಿ ಪಾಳಿ ರದ್ದಾಗಲಿಲ್ಲ; ಹಾಜರಿ ಪುಸ್ತಕದಿಂದ ರದ್ದಾಯಿತು.

ಕೂಡುವ ಗುಣಿಸುವ ಲೆಕ್ಕ ಬಲ್ಲವರು ನೋಡಲಿ. ವಾರಕ್ಕೆ 168 ಗಂಟೆ. ಕಾಯಿದೆಯ 48 ಗಂಟೆ ಕೆಲಸ ಕಳೆದರೆ ಉಳಿಯುವುದು 120 ಗಂಟೆ. ಮೂರು ಜನರ ತಂಡದಲ್ಲಿ ವಾರಕ್ಕೊಬ್ಬರಂತೆ ಕಾದರೆ ಒಬ್ಬೊಬ್ಬರಿಗೆ ವರ್ಷಕ್ಕೆ 17 ವಾರವಾದರೂ ಬರುತ್ತದೆ. ಅಂದರೆ 2,040 ಗಂಟೆ. ಇಬ್ಬರೇ ಇದ್ದರೆ 26 ವಾರ, 3,120 ಗಂಟೆ. ರಜೆಯನ್ನೇ ತೆಗೆದುಕೊಳ್ಳದೆ ವಾರಕ್ಕೆ 48 ಗಂಟೆಯಂತೆ ವರ್ಷವಿಡೀ ದುಡಿದರೂ ಕೆಲಸದ ಹೊತ್ತು 2,496 ಗಂಟೆ. ಹೀಗಾಗಿ ಇಬ್ಬರ ತಂಡದಲ್ಲಿ ದುಡಿಯುವ ಹೊತ್ತಿಗಿಂತ ಕಾಯುವ ಹೊತ್ತೇ ಹೆಚ್ಚಾಯಿತು! ಕಾಯುವಾಗ ಊರು ಬಿಡುವಂತಿಲ್ಲ, ಸಿನಿಮಾಕ್ಕೆ ಹೋಗುವಂತಿಲ್ಲ, ಮಗುವಿಗೆ ಜ್ವರ ಬಂದರೆ ಆಸ್ಪತ್ರೆಯ ಬೆಂಚಿನ ಮೇಲೂ ಲ್ಯಾಪ್‌ಟಾಪು ತೊಡೆಯ ಮೇಲಿರಬೇಕು.

ಸಾಹುಕಾರರ ಸಾಹುಕಾರನಾದ ಗೂಗಲ್ ಕಂಪನಿಯ ಎಂಜಿನಿಯರುಗಳು ಈ ವಿಷಯದಲ್ಲಿ ಏನು ಬರೆದಿದ್ದಾರೆ? 2016ರಲ್ಲಿ ಅವರು ಪ್ರಕಟಿಸಿದ ಪುಸ್ತಕದಲ್ಲಿ, ಒಂದೇ ಊರಿನಲ್ಲಿದ್ದುಕೊಂಡು ಹಗಲಿರುಳು ಕಾಯಬೇಕಾದರೆ ಕನಿಷ್ಠ 8 ಜನ ಬೇಕೆಂದು ಹೇಳಿದೆ. ಒಬ್ಬ ಮುಖ್ಯ, ಒಬ್ಬ ಅವನ ಬೆಂಬಲಕ್ಕೆ. ಹೀಗೆ ಇಬ್ಬಿಬ್ಬರಂತೆ ಸುತ್ತಿದರೆ ಒಬ್ಬೊಬ್ಬನಿಗೆ ತಿಂಗಳಿಗೆ ಒಂದು ವಾರ. ಒಂದು ಪಾಳಿಯಲ್ಲಿ ಎರಡಕ್ಕಿಂತ ಹೆಚ್ಚು ಅವಘಡ ಬಂದರೆ ಹೊರೆ ಮೀರಿತೆಂದು ತಿಳಿಯಬೇಕು. ಕಾಯುವುದಕ್ಕೆ ಪ್ರತಿಫಲ ಕೊಡಬೇಕು. ಇದು ಕಾರ್ಮಿಕ ಸಂಘದ ಬೇಡಿಕೆಯ ಪಟ್ಟಿಯಲ್ಲ. ಯಂತ್ರ ನಿಲ್ಲದಂತೆ ನೋಡಿಕೊಳ್ಳಲು ಬಲ್ಲವರು ಹಾಕಿದ ಲೆಕ್ಕ. ಗೂಗಲ್ಲಿಗೆ ಎಂಟು ಜನ ಬೇಕಾದಲ್ಲಿ, ನಮ್ಮ ಮೂವರ ತಂಡ ಎಂಟು ಜನರ ನಿದ್ದೆಯನ್ನು ಎಲ್ಲಿಂದ ತರಬೇಕು?

ಯಾರಿಗೂ ವಹಿಸದ ಕೆಲಸ

ದಣಿದ ಮನುಷ್ಯನ ಕೈಗೆ ರಾತ್ರಿ ಯಂತ್ರ ಕೊಟ್ಟರೆ ಏನಾಗುತ್ತದೆಂಬುದಕ್ಕೆ ಒಂದು ನಿದರ್ಶನವಿದೆ. ಗಿಟ್‌ಲ್ಯಾಬ್ ಎಂಬುದು ಜಗತ್ತಿನ ಪ್ರೋಗ್ರಾಮು ಬರೆಯುವವರು ತಮ್ಮ ಬರಹವನ್ನು ಇಟ್ಟುಕೊಳ್ಳುವ ಉಗ್ರಾಣ. 2017ರ ಜನವರಿ 31ರ ರಾತ್ರಿ ಅಲ್ಲಿನ ದತ್ತಾಂಶದ ಯಂತ್ರಗಳಲ್ಲಿ ತೊಂದರೆ ಕಂಡಿತು. ಹೊತ್ತು ಮೀರಿ ಮಲಗಲು ಹೊರಡುತ್ತಿದ್ದ ಎಂಜಿನಿಯರೊಬ್ಬ ಮತ್ತೆ ಕುಳಿತ. ನಕಲಿನ ಯಂತ್ರವನ್ನು ಖಾಲಿ ಮಾಡುತ್ತಿದ್ದೇನೆಂದು ತಿಳಿದು ಅಸಲಿನ ಯಂತ್ರವನ್ನೇ ಅಳಿಸತೊಡಗಿದ. ಒಂದೆರಡು ಕ್ಷಣದಲ್ಲಿ ತಿಳಿದು ತಡೆದ. ಅಷ್ಟರಲ್ಲಿ ಸುಮಾರು 300 ಗಿಗಾಬೈಟ್ ಹೋಗಿ ನಾಲ್ಕೂವರೆಯಷ್ಟು ಉಳಿದಿತ್ತು.

ಹೋದರೆ ಹೋಗಲಿ, ನಕಲು ಪ್ರತಿ ಇದೆಯಲ್ಲ ಎಂದು ತೆಗೆದು ನೋಡಿದರು. ದಿನವೂ ತಾನಾಗಿ ಬೀಳಬೇಕಾದ ನಕಲು ಬೀಳುತ್ತಲೇ ಇರಲಿಲ್ಲ. ಬೀಳುತ್ತಿಲ್ಲವೆಂದು ಎಚ್ಚರಿಸಬೇಕಾದ ಅಂಚೆ ಕೂಡ ತಿರಸ್ಕೃತವಾಗಿ ಯಾರಿಗೂ ತಲುಪಿರಲಿಲ್ಲ. ಬೇರೊಂದು ಕೆಲಸಕ್ಕೆಂದು ಆರು ಗಂಟೆ ಮುಂಚೆ ಒಬ್ಬರು ಕೈಯಾರೆ ತೆಗೆದಿಟ್ಟ ಪ್ರತಿ ಇದ್ದುದರಿಂದ ಉಗ್ರಾಣ ಉಳಿಯಿತು. ಆ ಆರು ಗಂಟೆಯ ಲೆಕ್ಕ ಮಾತ್ರ ಮರಳಿ ಬರಲಿಲ್ಲ.

ಆ ಕಂಪನಿಯ ನಡತೆಯನ್ನು ಮೆಚ್ಚಬೇಕು. ಒಬ್ಬ ಆಳಿನ ಮೇಲೆ ತಪ್ಪು ಹೊರಿಸಿ ಮನೆಗೆ ಕಳುಹಿಸಲಿಲ್ಲ. ನಡೆದುದನ್ನೆಲ್ಲ ಬಹಿರಂಗವಾಗಿ ಬರೆದು ಪ್ರಕಟಿಸಿತು. ನಕಲು ಪ್ರತಿಯನ್ನು ಆಗಾಗ ಏಕೆ ಪರೀಕ್ಷಿಸಲಿಲ್ಲವೆಂಬ ಪ್ರಶ್ನೆಗೆ ಅದು ಕೊಟ್ಟ ಉತ್ತರವನ್ನು ಪ್ರತಿಯೊಬ್ಬ ಮಾಲೀಕನೂ ಗೋಡೆಗೆ ಅಂಟಿಸಿಕೊಳ್ಳಬೇಕು: ಆ ಕೆಲಸವನ್ನು ಯಾರಿಗೂ ವಹಿಸಿರಲಿಲ್ಲ. ಎಲ್ಲರ ಕೆಲಸವೆಂದರೆ ಯಾರ ಕೆಲಸವೂ ಅಲ್ಲ.

ಚಿಕ್ಕ ತಂಡಕ್ಕಷ್ಟೇ ಈ ಗಂಡಾಂತರವೆಂದು ತಿಳಿಯಬೇಡಿ. ಅಮೆರಿಕದ ನೈಟ್ ಕ್ಯಾಪಿಟಲ್ ಎಂಬ ಷೇರು ವ್ಯಾಪಾರದ ದೊಡ್ಡ ಕಂಪನಿ 2012ರಲ್ಲಿ ಹೊಸ ಪ್ರೋಗ್ರಾಮನ್ನು ತನ್ನ ಎಂಟು ಯಂತ್ರಗಳಿಗೆ ಏರಿಸಬೇಕಾಗಿತ್ತು. ಏರಿದ್ದು ಏಳಕ್ಕೆ. ಎಂಟನೆಯದರಲ್ಲಿ ಹಳೆಯದು ಉಳಿಯಿತು. ಇನ್ನೊಬ್ಬರು ಬಂದು ತಾಳೆ ನೋಡಬೇಕೆಂಬ ಕಟ್ಟಳೆಯೇ ಇರಲಿಲ್ಲ. ಆಗಸ್ಟ್ 1ರ ಬೆಳಿಗ್ಗೆ ಪೇಟೆ ತೆರೆದು ಮುಕ್ಕಾಲು ಗಂಟೆಯೊಳಗೆ ಕಂಪನಿ 44 ಕೋಟಿ ಡಾಲರು ಅಥವಾ ಅದಕ್ಕೂ ಹೆಚ್ಚು ಕಳೆದುಕೊಂಡಿತು. ಎರಡನೆಯ ಜೊತೆ ಕಣ್ಣಿಗೆ ಕೊಡಬೇಕಾದ ಸಂಬಳ ಉಳಿಸಿದುದರ ಬೆಲೆ ಅದು.

ಕಾಯಿದೆ ಎಲ್ಲಿದೆ?

1948ರ ಕಾರ್ಖಾನೆ ಕಾಯಿದೆ ಬಂದಾಗ ಮಿಲ್ಲಿನವನಿಗೆ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಎಂಬ ಮಿತಿಯೂ, ಮೀರಿದರೆ ಇಮ್ಮಡಿ ಕೂಲಿಯೆಂಬ ಹಕ್ಕೂ ಬರಹಕ್ಕೆ ಬಂದವು. 1961ರ ನಮ್ಮ ರಾಜ್ಯದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆಯೂ ಅದೇ ಮಿತಿ, ಅದೇ ಇಮ್ಮಡಿಯನ್ನು ವಿಧಿಸಿತು. 1946ರ ಸ್ಥಾಯೀ ಆದೇಶಗಳ ಕಾಯಿದೆಯಂತೆ ಪಾಳಿ ಯಾವುದು, ಹೊತ್ತು ಎಷ್ಟು, ರಜೆ ಯಾವಾಗ ಎಂದು ಮಾಲೀಕನು ಬರೆದು ತೂಗುಹಾಕಬೇಕಾಗಿತ್ತು. ಆದರೆ ಕರ್ನಾಟಕ ಸರ್ಕಾರ ಮಾಹಿತಿ ತಂತ್ರಜ್ಞಾನದ ಕಂಪನಿಗಳಿಗೆ ಈ ಕೊನೆಯ ಕಾಯಿದೆಯಿಂದ ವಿನಾಯಿತಿ ಕೊಟ್ಟಿತು. 2014ರಲ್ಲಿ, 2019ರಲ್ಲಿ, ಪುನಃ 2024ರಲ್ಲಿ ಅದನ್ನು ಮುಂದುವರಿಸಿತು. ಅಷ್ಟು ಸಾಲದೆಂಬಂತೆ 2024ರ ಜುಲೈಯಲ್ಲಿ ಅಧಿಕ ದುಡಿಮೆ ಸೇರಿ ದಿನಕ್ಕೆ 14 ಗಂಟೆಯವರೆಗೆ ದುಡಿಸಿಕೊಳ್ಳಲು ಅವಕಾಶ ಕೊಡುವ ತಿದ್ದುಪಡಿಯ ಪ್ರಸ್ತಾಪವೂ ಬಂತು. ಐಟಿ ನೌಕರರ ಸಂಘ ಬೀದಿಗಿಳಿದು ವಿರೋಧಿಸಿತು. ಮಿಲ್ಲಿನವರು ಇದನ್ನು ಗಮನಿಸಬೇಕು: ಎಂಜಿನಿಯರರೂ ಬೀದಿಗೆ ಬರಬಲ್ಲರು, ಬಂದರೆ ಮಾತು ಕೇಳಿಸುತ್ತದೆ.

ಕಾಯುವುದು ಕೆಲಸವೇ ಅಲ್ಲ, ಮನೆಯಲ್ಲಿ ಮಲಗಿರುತ್ತಾನಲ್ಲ ಎಂದು ಮಾಲೀಕರು ವಾದಿಸುತ್ತಾರೆ. ಬೆಲ್ಜಿಯಂನ ನಿವೆಲ್ ಎಂಬ ಪಟ್ಟಣದ ಅಗ್ನಿಶಾಮಕನೊಬ್ಬನ ವಿಷಯದಲ್ಲಿಯೂ ಇದೇ ವಾದ ಬಂದಿತ್ತು. ಕರೆ ಬಂದರೆ 8 ನಿಮಿಷದಲ್ಲಿ ಠಾಣೆ ತಲುಪಬೇಕೆಂಬ ಕಟ್ಟಳೆ ಅವನಿಗಿತ್ತು. ಹಾಗೆ ಕಟ್ಟಿಹಾಕಿ ಮನೆಯಲ್ಲಿ ಕಾಯಿಸಿದ ಹೊತ್ತೂ ಕೆಲಸದ ಹೊತ್ತೇ ಎಂದು ಯುರೋಪಿನ ನ್ಯಾಯಾಲಯ 2018ರಲ್ಲಿ ತೀರ್ಪು ಕೊಟ್ಟಿತು. ಆಸ್ಟ್ರೇಲಿಯದಲ್ಲಿ ಕೆಲಸದ ಹೊತ್ತು ಮೀರಿದ ಕರೆಗೆ ತಕ್ಕ ಕಾರಣವಿದ್ದರೆ ಓಗೊಡದಿರುವ ಹಕ್ಕು 2024ರ ಆಗಸ್ಟಿನಿಂದ ಜಾರಿಗೆ ಬಂತು. ಚಿಕ್ಕ ಸಂಸ್ಥೆಗಳಿಗೂ ಒಂದು ವರ್ಷದ ಬಳಿಕ ಅದು ಅನ್ವಯಿಸಿತು. ಚಿಕ್ಕವರೆಂಬ ಕಾರಣಕ್ಕೆ ಅಲ್ಲಿ ಯಾರನ್ನೂ ಕೈಬಿಡಲಿಲ್ಲ.

ಆಗಬೇಕಾದದ್ದು

ಐದು ಜನರ ಕಂಪನಿಯ ಮಾಲೀಕ ಎಂಟು ಜನರನ್ನು ಕಾವಲಿಗೆ ಇಡಲೆಂದು ನಾವು ಹೇಳುವುದಿಲ್ಲ. ಅವನೂ ನಮ್ಮ ಸಣ್ಣ ವ್ಯಾಪಾರಿಯಂತೆಯೇ ಬಡ್ಡಿ ಬಾಡಿಗೆಗಳ ನಡುವೆ ಇರುವವನು. ಅವನಿಗೂ ಮೇಲೊಬ್ಬ ದೊಡ್ಡ ಧಣಿ ಇದ್ದಾನೆ. ಹೆರೋಕು ಕಂಪನಿ 2022ರ ನವೆಂಬರಿನಲ್ಲಿ ತನ್ನ ಉಚಿತ ಸೌಕರ್ಯವನ್ನು ನಿಲ್ಲಿಸಿದಾಗ, ಅದನ್ನೇ ನಂಬಿದ್ದವರು ದುಡ್ಡು ತೆರಬೇಕಾಯಿತು, ಇಲ್ಲವೇ ಗಂಟುಮೂಟೆ ಕಟ್ಟಬೇಕಾಯಿತು. ಮಳಿಗೆಯ ಬಾಡಿಗೆ ಏರಿದಾಗ ಏನಾಗುತ್ತದೆಂದು ವ್ಯಾಪಾರಿಗೆ ಹೇಳಿಕೊಡಬೇಕೇ?

ಆದರೆ ಖರ್ಚಿಲ್ಲದೆಯೂ ಅಲ್ಪ ಖರ್ಚಿನಲ್ಲಿಯೂ ಆಗುವ ಕೆಲಸಗಳಿವೆ. ಕಾಯುವ ಸರದಿ ಬರಹದಲ್ಲಿರಲಿ. ಕಾದ ವಾರಕ್ಕೆ ಇಂತಿಷ್ಟೆಂದು ಹಣ ಗೊತ್ತುಮಾಡಲಿ. ರಾತ್ರಿ ಎದ್ದವನಿಗೆ ಮರುದಿನ ಬೆಳಿಗ್ಗೆ ರಜೆ ಇರಲಿ. ತೀರ ಅಗತ್ಯವಿಲ್ಲದೆ ಶುಕ್ರವಾರ ಸಂಜೆ ಬದಲಾವಣೆ ಏರಿಸದಿರಲಿ. ಏರಿಸುವ ಮುನ್ನ ಇನ್ನೊಬ್ಬರು ನೋಡಲಿ. ನಕಲು ಪ್ರತಿಯಿಂದ ಲೆಕ್ಕವನ್ನು ಮರಳಿ ಕಟ್ಟಿ ನೋಡುವ ಕೆಲಸವನ್ನು ತಿಂಗಳಿಗೊಮ್ಮೆ ಹೆಸರು ಹಿಡಿದು ಒಬ್ಬರಿಗೆ ವಹಿಸಲಿ. ಎಲ್ಲಕ್ಕಿಂತ ಮೊದಲು, ಆಳಿಲ್ಲದೆ ಹಗಲಿರುಳಿನ ಸೇವೆಯ ಮಾತು ಕೊಡದಿರಲಿ. ಜವಳಿ ಅಂಗಡಿಯ ಬಿಲ್ಲಿನ ಯಂತ್ರ ರಾತ್ರಿ ಎರಡು ಗಂಟೆಗೆ ನಿಂತರೆ ಯಾರ ಮನೆ ಮುಳುಗುತ್ತದೆ? ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೆ ಅದು ಎದ್ದರೆ ಸಾಕು.

ಇಲ್ಲಿ ವ್ಯಾಪಾರಿ ಮಿತ್ರರ ಹೊಣೆಯೂ ಇದೆ. ಬಿಲ್ಲಿನ ಸಾಫ್ಟ್‌ವೇರ್ ಕೊಳ್ಳುವಾಗ ದರವನ್ನಷ್ಟೇ ಚೌಕಾಸಿ ಮಾಡಬೇಡಿ. ನನ್ನ ಲೆಕ್ಕದ ನಕಲು ಎಲ್ಲಿದೆ, ಅದನ್ನು ಕೊನೆಯ ಸಲ ಪರೀಕ್ಷಿಸಿದ್ದು ಯಾವಾಗ, ಕೆಟ್ಟರೆ ಫೋನು ಎತ್ತುವವರು ಯಾರು, ಅವರಿಗೆ ಅದಕ್ಕೆ ಸಂಬಳ ಉಂಟೇ ಎಂದು ಕೇಳಿ. ಸಂಬಳವಿಲ್ಲದೆ ಎಚ್ಚರವಿರುವವನ ಎಚ್ಚರವನ್ನು ನಂಬಿ ವಹಿ ಒಪ್ಪಿಸುವುದು ಜಾಣ ವ್ಯಾಪಾರವಲ್ಲ.

ಆ ಕೆಲಸದಲ್ಲಿರುವ ತರುಣ ತರುಣಿಯರಿಗೆ ಒಂದು ಮಾತು. ಮೇಜು ಕುರ್ಚಿ ಇದ್ದ ಮಾತ್ರಕ್ಕೆ, ತಣ್ಣನೆಯ ಕೋಣೆ ಇದ್ದ ಮಾತ್ರಕ್ಕೆ ನೀವು ಬೇರೆ ಜಾತಿಯವರಾಗಲಿಲ್ಲ. ನಿಮ್ಮ ತಂದೆ ತಾಯಂದಿರ ಪಾಳಿಯ ಹೊತ್ತನ್ನು ಯಾವ ಮಾಲೀಕನೂ ಔದಾರ್ಯದಿಂದ ಬರೆದುಕೊಡಲಿಲ್ಲ. ಕೂಡಿ ಕೇಳಿದ್ದರಿಂದ ಬಂತು. ನೀವು ಮೂರೇ ಜನ ಇರಬಹುದು. ಬೆಂಗಳೂರಿನಲ್ಲಿ ನಿಮ್ಮಂಥ ಮೂರು ಮೂರು ಜನರ ತಂಡಗಳಿಗೆ ಎಣೆಯಿಲ್ಲ. ಈ ತಿಂಗಳಿನಿಂದಲೇ, ಕಾದ ಗಂಟೆಗಳನ್ನು ಒಂದು ಪುಸ್ತಕದಲ್ಲಿ ದಿನಾಂಕ ಹಾಕಿ ಬರೆದಿಡಿ. ತಿಂಗಳ ಕೊನೆಗೆ ಕೂಡಿಸಿ ಸಂಘದ ಮುಂದೆ ಇಡಿ. ಬೇಡಿಕೆ ಆ ಮೊತ್ತದಿಂದ ಆರಂಭವಾಗಲಿ.